ಕಡಲಿಗೆ ಪಹಣಿ ಇಲ್ಲ: ಸಮುದ್ರದ ಗಾಳಿಯಂತ್ರ ಮತ್ತು ಜಲಚರಗಳ ಲೆಕ್ಕ

ಸಮುದ್ರದೊಳಗೆ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆಯುವ ಯೋಜನೆಗೆ 7,453 ಕೋಟಿ ರೂಪಾಯಿಗಳ ನೆರವು ನೀಡಲು ಕೇಂದ್ರ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗುಜರಾತ್ ಮತ್ತು ತಮಿಳುನಾಡಿನ ಕಡಲಿಗಾಗಿ ಕರೆದಿದ್ದ ಟೆಂಡರುಗಳನ್ನು ಭಾರತೀಯ ಸೌರಶಕ್ತಿ ನಿಗಮವು 2025ರಲ್ಲಿ ರದ್ದು ಮಾಡಿತು. ಹಣ ಮಂಜೂರಾದ ಯೋಜನೆಯ ಟೆಂಡರು ರದ್ದಾದದ್ದೇಕೆ ಎಂಬ ಗೊಂದಲ ಒಂದು ಕಡೆಯಾದರೆ, ಅದರ ಬೆನ್ನಿಗೇ ಬರುವ ಸುದ್ದಿಗಳ ಗೊಂದಲ ಇನ್ನೊಂದು ಕಡೆ. ಯುರೋಪಿನ ಕಡಲಿನಲ್ಲಿ ಗಾಳಿಯಂತ್ರಗಳ ಬುಡಕ್ಕೆ ಮೀನು, ಏಡಿಗಳು ಬಂದು ನೆಲೆಸಿವೆ ಎನ್ನುತ್ತದೆ ಒಂದು ವರದಿ. ಅಂಥವೇ ಯೋಜನೆಗಳಿಂದ ತಿಮಿಂಗಿಲಗಳು ಸಾಯುತ್ತಿವೆ ಎಂದು ಅಮೆರಿಕದ ರಾಜಕಾರಣಿಗಳು ದೂರುತ್ತಾರೆ. ತಮಿಳುನಾಡಿನ ಮೀನುಗಾರರು ಯೋಜನೆಯೇ ಬೇಡ ಎನ್ನುತ್ತಿದ್ದಾರೆ.

ಚಿತ್ರದುರ್ಗ, ದಾವಣಗೆರೆ ಸೀಮೆಯಿಂದ ಸಮುದ್ರ ದೂರ. ಘಟ್ಟ ಇಳಿದು ಇನ್ನೂರಕ್ಕೂ ಹೆಚ್ಚು ಕಿ.ಮೀ. ಹೋಗಬೇಕು. ಗಾಳಿಯಂತ್ರ ಮಾತ್ರ ಹತ್ತಿರದ್ದೇ. ಜೋಗಿಮಟ್ಟಿ ಸಾಲಿನ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಯಂತ್ರಗಳು ಹೆದ್ದಾರಿಯಲ್ಲಿ ಹೋಗುವ ಯಾರಿಗೂ ಕಾಣುತ್ತವೆ. ಗುಡ್ಡದ ಮೇಲೆ ಯಂತ್ರ ಬಂದಾಗ ಏನು ಕೇಳಬೇಕಿತ್ತು, ಏನನ್ನು ಕೇಳದೆ ಬಿಟ್ಟೆವು ಎಂಬುದನ್ನು ನೆನಪಿಟ್ಟುಕೊಂಡರೆ ಕಡಲಿನ ಪ್ರಶ್ನೆಯೂ ತಿಳಿಯಾಗುತ್ತದೆ. ಗಾಳಿಯಂತ್ರ ಜಲಚರಗಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಎರಡಕ್ಕೂ ಪುರಾವೆ ಸಿಗುತ್ತದೆ. ಯಾವ ಜಾಗದಲ್ಲಿ, ಯಾವ ತಿಂಗಳಿನಲ್ಲಿ, ಯಾವ ವಿಧಾನದಲ್ಲಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆ ಮೂರನ್ನೂ ಸರಿಯಾಗಿ ಆರಿಸಬೇಕಾದರೆ, ಕಂಬ ಇಳಿಯುವ ಮೊದಲು ಆ ನೀರಿನಲ್ಲಿ ಏನೇನಿತ್ತು ಎಂಬ ಲೆಕ್ಕ ಕೈಯಲ್ಲಿರಬೇಕು.

ನೆಲ ಬಿಟ್ಟು ನೀರಿಗೆ ಇಳಿಯುವುದೇಕೆ?

ಗಾಳಿಗೆ ನೆಲದ ಮೇಲೆ ಅಡ್ಡಿಗಳು ಹೆಚ್ಚು. ಮರ, ಕಟ್ಟಡ, ಗುಡ್ಡದ ಓರೆಗಳು ಅದನ್ನು ಒಡೆಯುತ್ತವೆ, ಸುಳಿಯಾಗಿಸುತ್ತವೆ. ಸಮುದ್ರದ ಮೇಲೆ ಅಡ್ಡಿಯಿಲ್ಲದೆ ಬರುವ ಗಾಳಿ ಹೆಚ್ಚು ಬಿರುಸಾಗಿಯೂ ಹೆಚ್ಚು ಸಮನಾಗಿಯೂ ಇರುತ್ತದೆ. ನಮ್ಮ ಗುಡ್ಡಗಳ ಹಳೆಯ ಯಂತ್ರಗಳ ಸಾಮರ್ಥ್ಯ ಕೆಲವು ನೂರು ಕಿಲೋವ್ಯಾಟ್ ಮಾತ್ರ. ಇಂದು ಸಮುದ್ರಕ್ಕೆಂದು ತಯಾರಾಗುವ ಒಂದೊಂದು ಯಂತ್ರ 15 ಮೆಗಾವ್ಯಾಟ್ ದಾಟಿಯೂ ಹೋಗುತ್ತದೆ. ಅಷ್ಟು ದೊಡ್ಡ ರೆಕ್ಕೆಯನ್ನು ಘಟ್ಟದ ತಿರುವುಗಳಲ್ಲಿ ಲಾರಿಯ ಮೇಲೆ ಸಾಗಿಸುವುದು ಸಾಧ್ಯವಿಲ್ಲ. ಹಡಗಿಗೆ ಆ ತೊಂದರೆಯಿಲ್ಲ. ಜಮೀನಿನ ತಕರಾರೂ ಇಲ್ಲ ಎಂದು ಯೋಜಕರು ಸೇರಿಸುತ್ತಾರೆ. ಸಮುದ್ರಕ್ಕೆ ಖಾತೆದಾರರಿಲ್ಲ ಎಂಬ ಈ ಕೊನೆಯ ಮಾತು ಎಷ್ಟು ನಿಜ ಎಂಬುದನ್ನು ಮುಂದೆ ನೋಡೋಣ.

ಕಡಲಿನ ಮೊದಲ ಗಾಳಿ ವಿದ್ಯುತ್ ಕೇಂದ್ರ 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಆರಂಭವಾಯಿತು. ಅಲ್ಲಿದ್ದದ್ದು 450 ಕಿಲೋವ್ಯಾಟಿನ 11 ಯಂತ್ರಗಳು. ಕಾಲು ಶತಮಾನ ದುಡಿದು 2017ರಲ್ಲಿ ಅವನ್ನು ಬಿಚ್ಚಲಾಯಿತು. ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆಯ ಹಾರ್ನ್‌ಸೀ 2 ಎಂಬ ಒಂದೇ ಕೇಂದ್ರದಲ್ಲಿ ಈಗ 165 ಯಂತ್ರಗಳಿದ್ದು, ಅದರ ಸಾಮರ್ಥ್ಯ 1.3 ಗಿಗಾವ್ಯಾಟ್, ಅಂದರೆ ಸುಮಾರು 1,300 ಮೆಗಾವ್ಯಾಟ್. ಭಾರತದ ಸಮುದ್ರದಲ್ಲಿ ಈವರೆಗೆ ಇಂಥ ಒಂದು ಕೇಂದ್ರವೂ ಇಲ್ಲ.

ನಮ್ಮ ಯೋಜನೆ ನಿಂತಿರುವುದೆಲ್ಲಿ?

ಕಡಲ ಗಾಳಿ ವಿದ್ಯುತ್ತಿಗೆ ರಾಷ್ಟ್ರೀಯ ನೀತಿ ರೂಪುಗೊಂಡದ್ದು 2015ರಲ್ಲಿ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಇದರ ಹೊಣೆ ಹೊತ್ತಿದೆ. ಗುಜರಾತ್ ಮತ್ತು ತಮಿಳುನಾಡು ಕರಾವಳಿಗಳಲ್ಲಿ ತಲಾ ಎಂಟು ವಲಯಗಳನ್ನು ಗುರುತಿಸಲಾಗಿದ್ದು, ಎರಡೂ ಸೇರಿ ಸುಮಾರು 70 ಗಿಗಾವ್ಯಾಟ್ ಸಾಮರ್ಥ್ಯದ ಅಂದಾಜಿದೆ. 2030ರ ವೇಳೆಗೆ 30 ಗಿಗಾವ್ಯಾಟ್ ಎಂಬ ಗುರಿಯನ್ನು 2018ರಲ್ಲೇ ಪ್ರಕಟಿಸಲಾಗಿತ್ತು. ಕರ್ನಾಟಕದ ಕರಾವಳಿ ಈ ಮೊದಲ ಪಟ್ಟಿಯಲ್ಲಿಲ್ಲ.

ಸಂಪುಟ ಒಪ್ಪಿದ 7,453 ಕೋಟಿಯಲ್ಲಿ 6,853 ಕೋಟಿ ರೂಪಾಯಿ ಎರಡು ರಾಜ್ಯಗಳ ತಲಾ 500 ಮೆಗಾವ್ಯಾಟ್ ಯೋಜನೆಗೆ, 600 ಕೋಟಿ ಎರಡು ಬಂದರುಗಳನ್ನು ಸಜ್ಜುಗೊಳಿಸಲು ಮೀಸಲು. ಈ ನೆರವಿನ ಅಗತ್ಯ ಬಂದದ್ದು ಬೆಲೆಯ ಅಂತರದಿಂದ. ಕೆಲವು ವರ್ಷಗಳಿಂದ ಸೌರ ವಿದ್ಯುತ್ ಯೂನಿಟ್ಟಿಗೆ ಮೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿದೆ. ಕಡಲಿನ ವಿದ್ಯುತ್ತಿಗೆ ಬುನಾದಿ, ನೀರಡಿಯ ಕೇಬಲ್, ವಿಶೇಷ ಹಡಗು ಎಲ್ಲದರ ಖರ್ಚು ಸೇರಿಕೊಳ್ಳುತ್ತದೆ. ನೆರವು ಸಿಕ್ಕರೂ ಲೆಕ್ಕ ಹೊಂದುತ್ತದೆಂಬ ಭರವಸೆ ಕಂಪನಿಗಳಿಗೆ ಬರಲಿಲ್ಲ. ಟೆಂಡರು ರದ್ದಾದದ್ದು ಯಾವ ಮೀನನ್ನೋ ಆಮೆಯನ್ನೋ ಕಾಪಾಡಲು ಅಲ್ಲ. ಆದರೆ ಇದರಿಂದ ಸಿಕ್ಕಿರುವ ಬಿಡುವು ಆಮೆಗೂ ಮೀನಿಗೂ ಸಂಬಂಧಿಸಿದ ಕೆಲಸಕ್ಕೆ ಒದಗಬಹುದು ಎಂಬ ಕಾರಣಕ್ಕೇ ಈ ಚರ್ಚೆಗೆ ಈಗ ಬೆಲೆಯಿದೆ.

ಕಂಬ ಇಳಿಯುವ ಹೊತ್ತು

ಜಲಚರಗಳಿಗೆ ಅತಿ ದೊಡ್ಡ ಪೆಟ್ಟು ಬೀಳುವುದು ಯಂತ್ರ ತಿರುಗುವಾಗ ಅಲ್ಲ, ಅದನ್ನು ನೆಡುವಾಗ. ಆಳ ಕಡಿಮೆಯಿರುವ ಕಡೆ ಯಂತ್ರಕ್ಕೆ ಸಾಮಾನ್ಯವಾಗಿ ಒಂಟಿ ಉಕ್ಕಿನ ಕೊಳವೆಯೇ ಬುನಾದಿ. ಅದರ ಅಡ್ಡಳತೆ ಎಂಟು–ಹತ್ತು ಮೀಟರ್‌ವರೆಗೂ ಇರುತ್ತದೆ. ಒಂದು ಸಣ್ಣ ಮನೆ ಅದರೊಳಗೆ ಕೂರಬಹುದು. ಹಡಗಿನ ಮೇಲಿನ ಸುತ್ತಿಗೆ ಆ ಕೊಳವೆಯ ತಲೆಗೆ ಗಂಟೆಗಟ್ಟಲೆ, ಸಾವಿರಾರು ಸಲ ಬಡಿದು ಕಡಲ ತಳಕ್ಕೆ ಇಳಿಸುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ, ಬಹುದೂರದವರೆಗೂ ಹೆಚ್ಚು ಕುಂದದೆ ಹೋಗುತ್ತದೆ. ಕಣ್ಣಿಗಿಂತ ಕಿವಿಯನ್ನೇ ನಂಬಿ ಬದುಕುವ ಡಾಲ್ಫಿನ್, ಅದರ ಹತ್ತಿರದ ಸಂಬಂಧಿಯಾದ ಪಾರ್ಪಸ್‌ಗಳಿಗೆ ಇದು ಎಷ್ಟು ದೊಡ್ಡ ಆಘಾತವೆಂದರೆ, ಯುರೋಪಿನ ಉತ್ತರ ಸಮುದ್ರದಲ್ಲಿ ಕಂಬ ಬಡಿಯುವ ಜಾಗದಿಂದ ಸುಮಾರು 20 ಕಿ.ಮೀ. ದೂರದಲ್ಲಿದ್ದ ಪಾರ್ಪಸ್‌ಗಳೂ ಜಾಗ ಬಿಟ್ಟು ಹೋದದ್ದು ದಾಖಲಾಗಿದೆ. ಬಡಿತ ನಿಂತ ಮೇಲೆ, ಒಂದೆರಡು ದಿನಗಳಲ್ಲಿ, ಅವು ಮರಳಿದ್ದೂ ದಾಖಲಾಗಿದೆ.

ಜರ್ಮನಿ ಇದಕ್ಕೆ ಅಂಕಿಯಲ್ಲೇ ಮಿತಿ ಹಾಕಿತು: ಬಡಿಯುವ ಜಾಗದಿಂದ 750 ಮೀಟರ್ ದೂರದಲ್ಲಿ ಅಳೆದಾಗ ಪ್ರತಿ ಹೊಡೆತದ ಸದ್ದು 160 ಡೆಸಿಬೆಲ್ ಮೀರಬಾರದು. (ನೀರಿನೊಳಗಿನ ಡೆಸಿಬೆಲ್ ಅಳತೆ ಬೇರೆಯೇ, ಮದುವೆ ಮೆರವಣಿಗೆಯ ಡಿಜೆ ಸದ್ದಿನ ಡೆಸಿಬೆಲ್‌ಗೆ ಇದನ್ನು ಹೋಲಿಸುವಂತಿಲ್ಲ.) ಈ ಮಿತಿಯೊಳಗೆ ಇರಲೇಬೇಕಾದಾಗ ಕಂಪನಿಗಳು ಉಪಾಯ ಹುಡುಕಿದವು. ತೂತುಗಳಿರುವ ಉದ್ದನೆಯ ಕೊಳವೆಯನ್ನು ಕಂಬದ ಸುತ್ತ ಕಡಲ ತಳದಲ್ಲಿ ಉಂಗುರದಂತೆ ಹಾಸುತ್ತಾರೆ. ಅದರೊಳಗೆ ಒತ್ತಡದ ಗಾಳಿ ಬಿಟ್ಟರೆ ತಳದಿಂದ ಮೇಲಿನವರೆಗೆ ಗುಳ್ಳೆಗಳ ಗೋಡೆ ಏಳುತ್ತದೆ. ನೀರಿನಲ್ಲಿ ಸಲೀಸಾಗಿ ಬಂದ ಸದ್ದು ಗುಳ್ಳೆಯ ಗಾಳಿಗೆ ತಾಗಿ ಚದುರುತ್ತದೆ, ಕುಂದುತ್ತದೆ. ಹತ್ತು ಡೆಸಿಬೆಲ್ ಇಳಿಯಿತೆಂದರೆ ಸದ್ದಿನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಮಿತಿ ಇಷ್ಟೇ ಎಂದು ಸರ್ಕಾರ ಹೇಳಿದ್ದರಿಂದಲೇ ಈ ಗುಳ್ಳೆಪರದೆ ಅಲ್ಲಿ ವಾಡಿಕೆಯಾಯಿತು.

ನಮ್ಮಲ್ಲಿ ತಿಂಗಳ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಆಷಾಢದ ಗಾಳಿ ಚಿತ್ರದುರ್ಗದ ಯಂತ್ರಗಳಿಗೆ ಸುಗ್ಗಿಯಾದಂತೆ ಕಡಲಿನ ಯಂತ್ರಗಳಿಗೂ ಸುಗ್ಗಿಯೇ. ಆದರೆ ಕಡಲು ಕೆರಳಿರುವಾಗ ಕಟ್ಟುವ ಕೆಲಸ ನಡೆಯುವುದಿಲ್ಲ. ಹಾಗಾಗಿ ಬಡಿತವೆಲ್ಲ ಮಳೆಗಾಲ ಮುಗಿದ ತಿಂಗಳುಗಳಿಗೆ ಬಂದು ಬೀಳುತ್ತದೆ. ತಮಿಳುನಾಡಿನ ದಡಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುವುದು ಜನವರಿಯಿಂದಾಚೆಗೆ, ಅದೇ ಹೊತ್ತಿನಲ್ಲಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ದೋಣಿಗಳಿಲ್ಲದ ಆ ಎರಡು ತಿಂಗಳಿನಲ್ಲೇ ಕಂಬ ಬಡಿದುಬಿಟ್ಟರೆ ಮೀನುಗಾರರಿಗೆ ನಷ್ಟವಿಲ್ಲ ಎಂಬ ಸಲಹೆ ಮೇಲ್ನೋಟಕ್ಕೆ ಜಾಣತನದ್ದಾಗಿ ಕಾಣುತ್ತದೆ. ಮೀನುಗಳು ಮರಿ ಮಾಡುವ ಕಾಲವೆಂದೇ ಅಲ್ಲವೇ ಆ ನಿಷೇಧ ಹಾಕಿರುವುದು? ದೋಣಿಗೆ ಅನುಕೂಲವಾದ ತಿಂಗಳು ಮೀನಿಗೆ ಅನಾನುಕೂಲ, ಮೀನಿಗೆ ಅನುಕೂಲವಾದ ತಿಂಗಳು ಆಮೆಗೆ ಅನಾನುಕೂಲ. ಯುರೋಪಿನ ಪಂಚಾಂಗವನ್ನು ಇಲ್ಲಿಗೆ ತಂದರೆ ಈ ತೊಡಕು ಬಿಡಿಸಲಾಗದು.

ಬುಡದಲ್ಲಿ ಹುಟ್ಟುವ ಊರು

ಬಡಿತ ನಿಂತು ಯಂತ್ರ ತಿರುಗತೊಡಗಿದ ಮೇಲಿನ ಕಥೆ ಬೇರೆ. ಬೋಳು ಉಕ್ಕಿನ ಮೇಲೆ ಮೊದಲು ಲೋಳೆಯಂಥ ಪದರ ಕೂರುತ್ತದೆ. ಅದರ ಮೇಲೆ ಬಾರ್ನಕಲ್ ಎಂಬ ಚಿಪ್ಪುಜೀವಿಗಳು, ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಜಾತಿಯ ಕಪ್ಪೆಚಿಪ್ಪುಗಳು ಅಂಟಿಕೊಳ್ಳುತ್ತವೆ. ಚಿಪ್ಪುಗಳ ಸಂದಿನಲ್ಲಿ ಹುಳು, ಸೀಗಡಿ, ಪುಟ್ಟ ಏಡಿಗಳು ಸೇರುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣ ಮೀನಿಗಾಗಿ ದೊಡ್ಡ ಮೀನು ಬರುತ್ತವೆ. ಪ್ರವಾಹ ಬುಡವನ್ನು ಕೊರೆಯದಂತೆ ಸುತ್ತ ಸುರಿಯುವ ಕಲ್ಲುಗಳ ಸಂದುಗೊಂದುಗಳೂ ಮರಿಗಳಿಗೆ ಅಡಗುತಾಣವಾಗುತ್ತವೆ. ಉತ್ತರ ಸಮುದ್ರದಲ್ಲಿ ಜಾಡು ಹಿಡಿಯುವ ಉಪಕರಣ ಅಂಟಿಸಿದ, ಮೀನು ತಿಂದು ಬದುಕುವ ಕೆಲವು ಸೀಲ್‌ಗಳು ಒಂದು ಯಂತ್ರದ ಬುಡದಿಂದ ಇನ್ನೊಂದರ ಬುಡಕ್ಕೆ ನೇರ ಗೆರೆ ಎಳೆದಂತೆ ಈಜುತ್ತ ಬೇಟೆಯಾಡಿದ್ದನ್ನು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಸೀಲ್‌ಗಳಿಗೆ ಅದು ಸಾಲಾಗಿ ತೆರೆದಿಟ್ಟ ಖಾನಾವಳಿ.

ಹಾಗಾದರೆ ಗಾಳಿಯಂತ್ರ ಮೀನನ್ನು ಹೆಚ್ಚಿಸುತ್ತದೆಯೇ, ಅಥವಾ ಚದುರಿದ್ದ ಮೀನನ್ನು ಒಂದೆಡೆ ಸೇರಿಸುತ್ತದೆಯೇ? ಇದು ಸಾಗರ ವಿಜ್ಞಾನದಲ್ಲಿ ಇನ್ನೂ ನಡೆಯುತ್ತಿರುವ ವಾದ. ಸಂತೆಯಲ್ಲಿ ಜನ ಹೆಚ್ಚಿದ್ದಾರೆಂದ ಮಾತ್ರಕ್ಕೆ ತಾಲ್ಲೂಕಿನ ಜನಸಂಖ್ಯೆ ಹೆಚ್ಚಾಗಿರುವುದಿಲ್ಲ. ಮತ್ತೊಂದು ಎಚ್ಚರವೂ ಬೇಕು: ಮರಳಿನ ತಳವಿದ್ದ ಕಡೆ ಕಲ್ಲು ತಂದು ಸುರಿದರೆ ಕಲ್ಲಿನ ಜೀವಿಗಳು ಬರುತ್ತವೆ, ಮರಳಿನಲ್ಲೇ ಬದುಕುತ್ತಿದ್ದವು ಹೋಗುತ್ತವೆ. ಹೊರಗಿನಿಂದ ಬಂದು ಹರಡುವ ಜೀವಿಗಳಿಗೆ ಸಾಲು ಕಂಬಗಳು ದಾಟುಗಲ್ಲುಗಳಾಗಲೂ ಸಾಧ್ಯ. ಮನ್ನಾರ್ ಕೊಲ್ಲಿಯ ಹವಳದ ಮೇಲೆ ಕಪ್ಪಾಫೈಕಸ್ ಎಂಬ ಹೊರಗಿನ ಪಾಚಿ ಕವುಚಿಕೊಂಡು ಮಾಡಿದ ಹಾನಿಯನ್ನು ತಮಿಳುನಾಡಿನ ಕಡಲು ಈಗಾಗಲೇ ಕಂಡಿದೆ.

ಯುರೋಪಿನಲ್ಲಿ ಸಿಕ್ಕ ಲಾಭದ ದೊಡ್ಡ ಪಾಲು ಬಂದದ್ದು ಕಂಬದಿಂದಲ್ಲ, ಕಂಬವಿದ್ದ ಕಾರಣಕ್ಕೆ ತಳ ಗೋರುವ ಬಲೆಗಳು ಅಲ್ಲಿಗೆ ಬರದೇ ಹೋದದ್ದರಿಂದ ಎಂಬ ವಾದಕ್ಕೆ ತೂಕವಿದೆ. ಟ್ರಾಲರ್‌ಗಳು ಉತ್ತು ಬೋಳಾಗಿಸಿದ್ದ ತಳಕ್ಕೆ ಬಿಡುವು ಸಿಕ್ಕಿತು. ನೆದರ್ಲೆಂಡ್ಸ್‌ನಲ್ಲಿ ಕೆಲವು ಗಾಳಿ ಕೇಂದ್ರಗಳೊಳಗೆ, ಆ ಕಡಲಿನಿಂದ ಹೆಚ್ಚು ಕಡಿಮೆ ಮರೆಯಾಗಿದ್ದ ಸ್ಥಳೀಯ ಚಪ್ಪಟೆ ಸಿಂಪಿಗಳನ್ನು ಮತ್ತೆ ನೆಲೆಗೊಳಿಸುವ ಪ್ರಯೋಗ ನಡೆಯುತ್ತಿದೆ. ತಮಿಳುನಾಡಿನಲ್ಲಿ ಅದೇ ಲಾಭ ಸಿಗಬೇಕಾದರೆ ಅಲ್ಲಿಂದ ಹೊರಗುಳಿಯುವವರು ಟ್ರಾಲರ್‌ನವರೋ, ಗಾಳ ಮತ್ತು ಸಣ್ಣ ಬಲೆಯ ನಾಡದೋಣಿಯವರೋ ಎಂಬ ಪ್ರಶ್ನೆ ಏಳುತ್ತದೆ.

ರೆಕ್ಕೆಯ ಎತ್ತರದಲ್ಲಿ

ಯಂತ್ರಕ್ಕೆ ಬೇಕಾದ ಗಾಳಿಯೇ ವಲಸೆ ಹಕ್ಕಿಗೂ ಬೇಕು. ನಮ್ಮ ಕವಿಗಳು ಮಳೆಗೆ ಕಾಯಿಸುವ ಚಾತಕ ಪಕ್ಷಿಗಳು ಮುಂಗಾರು ಗಾಳಿಯ ಜೊತೆ ಅರಬ್ಬಿ ಸಮುದ್ರ ದಾಟಿ ಆಫ್ರಿಕಾದಿಂದ ಬರುತ್ತವೆ. ಈಶಾನ್ಯ ರಾಜ್ಯಗಳಲ್ಲಿ ತಂಗುವ ಅಮೂರ್ ಚಾಣಗಳು ಭಾರತವನ್ನು ಹಾದು ಅದೇ ಸಮುದ್ರದ ಮೇಲೆ ಆಫ್ರಿಕಾಕ್ಕೆ ಹೋಗುತ್ತವೆ. ಅವು ಯಾವ ಎತ್ತರದಲ್ಲಿ, ಯಾವ ಗೆರೆಯಲ್ಲಿ ಹಾರುತ್ತವೆ ಎಂಬುದು ತಿಳಿದಷ್ಟೂ ಯಂತ್ರದ ಜಾಗ ಸರಿಸುವುದು ಸುಲಭ.

ನೆದರ್ಲೆಂಡ್ಸ್ 2023ರ ಮೇ ತಿಂಗಳಿನಲ್ಲಿ ಮೊದಲ ಬಾರಿಗೆ, ಹಕ್ಕಿಗಳ ದೊಡ್ಡ ದಂಡು ಬರುವ ರಾತ್ರಿ ಕಡಲಿನ ಯಂತ್ರಗಳನ್ನು ನಿಮಿಷಕ್ಕೆ ಎರಡು ಸುತ್ತಿಗಿಂತ ಹೆಚ್ಚು ತಿರುಗದಂತೆ ನಿಧಾನಗೊಳಿಸಿತು. ಮುನ್ಸೂಚನೆ ಎರಡು ದಿನ ಮೊದಲೇ ಸಿಗುವುದರಿಂದ ವಿದ್ಯುತ್ ಜಾಲದವರಿಗೂ ಬದಲಿ ವ್ಯವಸ್ಥೆಗೆ ಸಮಯವಿರುತ್ತದೆ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ನಾಲ್ಕು ಯಂತ್ರಗಳ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಸುಮಾರು 70 ಪ್ರತಿಶತ ಇಳಿಯಿತು. ನಾಲ್ಕೇ ಯಂತ್ರಗಳ ಫಲಿತಾಂಶ ಇದು ಎಂಬುದನ್ನು ಮರೆಯಬಾರದು.

ರೆಕ್ಕೆಗೆ ಬಡಿದು ಸಾಯುವುದಷ್ಟೇ ನಷ್ಟವಲ್ಲ. ಉತ್ತರ ಸಮುದ್ರದ ಕೆಂಪು ಕೊರಳಿನ ಡೈವರ್ ಹಕ್ಕಿಗಳು ಯಂತ್ರಗಳಿಂದ ಹತ್ತು ಕಿ.ಮೀ. ದೂರದವರೆಗೂ ವಿರಳವಾದವು. ರೆಕ್ಕೆಗೆ ಬಡಿಯದೆಯೂ ಅವು ಮೇವಿನ ಜಾಗ ಕಳೆದುಕೊಂಡವು. ಇನ್ನು ತಳದಲ್ಲಿ ಹೂಳುವ ಕೇಬಲ್: ಅದರ ಸುತ್ತಲಿನ ಕಾಂತಕ್ಷೇತ್ರವನ್ನು ಶಾರ್ಕ್, ತೊರಕೆಯಂಥ ಮೀನುಗಳು ಗ್ರಹಿಸಬಲ್ಲವು. ಒಂದೆರಡು ಮೀಟರ್ ಆಳಕ್ಕೆ ಹೂತರೆ ಪರಿಣಾಮ ಬಹಳ ಕಡಿಮೆಯಾಗುತ್ತದೆ.

ತಿಮಿಂಗಿಲದ ಆರೋಪ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಅಸಹಜ ಸಾವು 2016ರಿಂದಲೇ ದಾಖಲಾಗುತ್ತಿದೆ. ಅಲ್ಲಿ ದೊಡ್ಡ ಗಾಳಿ ಕೇಂದ್ರಗಳ ನಿರ್ಮಾಣ ಆರಂಭವಾದದ್ದು ಆಮೇಲೆ. ಪರೀಕ್ಷಿಸಿದ ಕಳೇಬರಗಳಲ್ಲಿ ಸುಮಾರು 40 ಪ್ರತಿಶತದಲ್ಲಿ ಹಡಗು ಬಡಿದ ಅಥವಾ ಬಲೆಗೆ ಸಿಕ್ಕಿಕೊಂಡ ಗುರುತುಗಳಿದ್ದವು. ಗಾಳಿಯಂತ್ರಗಳ ಕೆಲಸಕ್ಕೂ ಈ ಸಾವುಗಳಿಗೂ ನಂಟು ತೋರಿಸುವ ಪುರಾವೆಯಿಲ್ಲ ಎಂದು ಅಲ್ಲಿನ ಸಾಗರ ಸಂಸ್ಥೆ ನೋವಾ ಹೇಳಿದೆ. ಆದರೂ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ 2025ರ ಜನವರಿ 20ರಂದೇ ಕಡಲ ಗಾಳಿ ವಿದ್ಯುತ್ತಿಗೆ ಹೊಸ ಗುತ್ತಿಗೆ ನೀಡುವುದನ್ನು ತಡೆದರು.

ನಮ್ಮಲ್ಲೂ ಇದಕ್ಕೆ ಸಮನಾದ ಒಂದು ಸಂಗತಿಯಿದೆ. 2025ರ ಜನವರಿಯಲ್ಲಿ ಚೆನ್ನೈ ಸುತ್ತಲಿನ ದಡಕ್ಕೆ ಸಾವಿರಕ್ಕೂ ಹೆಚ್ಚು ಆಲಿವ್ ರಿಡ್ಲೆ ಆಮೆಗಳ ಕಳೇಬರ ಬಂದು ಬಿದ್ದವು. ಟ್ರಾಲರ್ ಬಲೆಯಲ್ಲಿ ಸಿಕ್ಕಿ ಉಸಿರುಗಟ್ಟಿದ್ದೇ ಮುಖ್ಯ ಕಾರಣವೆಂದು ಹೇಳಲಾಯಿತು. ಆಗ ಆ ಕಡಲಿನಲ್ಲಿ ಒಂದೂ ಗಾಳಿಯಂತ್ರ ಇರಲಿಲ್ಲ. ಇದ್ದಿದ್ದರೆ ದೂರು ಯಾರ ಮೇಲೆ ಹೋಗುತ್ತಿತ್ತು? ಪ್ರತಿ ವರ್ಷದ ಸಾವಿನ ಲೆಕ್ಕ ಮೊದಲೇ ಬರೆದಿಟ್ಟಿರದಿದ್ದರೆ, ನಾಳೆ ಯಂತ್ರ ಬಂದ ಮೇಲೆ ಅದರ ಮೇಲೆ ಸುಳ್ಳು ಆರೋಪ ಹೊರಿಸುವುದೂ ಸುಲಭ, ನಿಜವಾದ ಆರೋಪದಿಂದ ಅದು ನುಣುಚಿಕೊಳ್ಳುವುದೂ ಸುಲಭ.

ಬಲೆ ಬೀಸುವವರ ಆಕ್ಷೇಪ

ಸಮುದ್ರಕ್ಕೆ ಖಾತೆದಾರರಿಲ್ಲ ಎಂಬ ಮಾತು ಕನ್ಯಾಕುಮಾರಿ, ರಾಮೇಶ್ವರಗಳ ಕಡೆ ಚಲಾವಣೆಯಾಗುವುದಿಲ್ಲ. ಒಂದೆಡೆ ಶ್ರೀಲಂಕಾ ಗಡಿ, ಅದನ್ನು ದಾಟಿದರೆ ಬಂಧನ. ಇನ್ನೊಂದೆಡೆ 21 ದ್ವೀಪಗಳ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ. ಪಾಕ್ ಕೊಲ್ಲಿಯಲ್ಲಿ 2022ರಲ್ಲಿ ಘೋಷಣೆಯಾದ 448 ಚದರ ಕಿ.ಮೀ.ಗಳ ಕಡಲಹಸು (ಡುಗಾಂಗ್ ಎಂಬ, ಹುಲ್ಲು ಮೇಯುವ ಕಡಲ ಸಸ್ತನಿ) ಸಂರಕ್ಷಣಾ ಮೀಸಲು ಬೇರೆ ಇದೆ. ದಕ್ಷಿಣಕ್ಕೆ ವಾಡ್ಜ್ ಬ್ಯಾಂಕ್ ಎಂಬ ಸಮೃದ್ಧ ಮೀನಿನ ಹರವು. ಇಷ್ಟರ ನಡುವೆ ಉಳಿದ ನೀರನ್ನು ಯಾರಿಗಾದರೂ 35 ವರ್ಷಕ್ಕೆ ಗುತ್ತಿಗೆ ಕೊಟ್ಟರೆ ತಾವು ಎಲ್ಲಿಗೆ ಹೋಗಬೇಕು ಎಂಬುದು ಅವರ ಪ್ರಶ್ನೆ.

ಯಂತ್ರಗಳ ನಡುವೆ ದೋಣಿ ಬಿಡಬೇಕೇ ಎಂಬುದಕ್ಕೆ ಯುರೋಪಿನಲ್ಲೇ ಒಂದು ಉತ್ತರವಿಲ್ಲ. ಬ್ರಿಟನ್ ಕಟ್ಟುವ ಹಂತದಲ್ಲಿ ಯಂತ್ರದ ಸುತ್ತ 500 ಮೀಟರ್ ಬಿಡಿಸುತ್ತದೆ, ಆಮೇಲೆ ಬಹುಮಟ್ಟಿಗೆ ಮೀನುಗಾರಿಕೆಗೆ ಬಿಡುತ್ತದೆ. ಬೆಲ್ಜಿಯಂ ಪೂರ್ತಿ ಮುಚ್ಚುತ್ತದೆ. ಬೆಲ್ಜಿಯಂ ದಾರಿ ಹಿಡಿದರೆ ಜಲಚರಕ್ಕೆ ಆಶ್ರಯ, ದೋಣಿಗೆ ನಷ್ಟ. ಬ್ರಿಟನ್ ದಾರಿಯಲ್ಲಿ ಎರಡೂ ಅರ್ಧರ್ಧ. ಸಣ್ಣ ದೋಣಿಯ ಗಾಳ, ಬಲೆಗಳನ್ನು ಒಳಗೆ ಬಿಟ್ಟು ತಳ ಗೋರುವವರನ್ನು ಮಾತ್ರ ಹೊರಗಿಡುವುದು ತಮಿಳುನಾಡಿಗೆ ಹೆಚ್ಚು ಹೊಂದುವ ದಾರಿಯೆಂದು ತೋರುತ್ತದೆ. ಆದರೆ ಇದನ್ನು ಗುತ್ತಿಗೆ ಪತ್ರದಲ್ಲೇ ಬರೆಯಬೇಕು. ಕಂಬ ಎದ್ದ ಮೇಲೆ ಸಂಧಾನಕ್ಕೆ ಕೂರುವುದರಿಂದ ಆಗುವಂಥದ್ದಲ್ಲ.

ಇವರಿಗೆ ಎದುರಾಗಿ ಹವಾಮಾನ ತಜ್ಞರ ಮಾತೂ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಾದ ನೀರಿನಿಂದ ಹವಳ ಬಿಳುಚುವ ಜಾಗತಿಕ ಘಟನೆ ನಾಲ್ಕನೇ ಬಾರಿಗೆ ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ದೃಢಪಟ್ಟಿತು. ಕಲ್ಲಿದ್ದಲು ಉರಿಯುತ್ತಲೇ ಇದ್ದರೆ ಗಾಳಿಯಂತ್ರವಿಲ್ಲದ ಕಡಲೂ ಉಳಿಯುವುದಿಲ್ಲ ಎಂಬ ವಾದ ಸರಿಯೇ. ಮೊದಲು ನೆಲದ ಮೇಲಿನ ಹಳೆಯ ಸಣ್ಣ ಯಂತ್ರಗಳನ್ನು ತೆಗೆದು ದೊಡ್ಡವನ್ನು ಹಾಕಿ ಎನ್ನುವವರೂ ಇದ್ದಾರೆ. ಈ ದಾರಿಯಲ್ಲಿ ದೇಶದಲ್ಲಿ ಸುಮಾರು 25 ಗಿಗಾವ್ಯಾಟ್‌ಗೆ ಅವಕಾಶವಿದೆಯೆಂಬ ಅಂದಾಜನ್ನು ಪವನ ಶಕ್ತಿ ಸಂಸ್ಥೆಯೇ ಕೊಟ್ಟಿದೆ. ಒಳ್ಳೆಯ ಗಾಳಿಯ ಗುಡ್ಡಗಳನ್ನು ಹಳೆಯ ಯಂತ್ರಗಳೇ ಹಿಡಿದು ಕೂತಿರುವ ಚಿತ್ರದುರ್ಗದಂಥ ಜಿಲ್ಲೆಗೆ ಇದು ನೇರವಾಗಿ ತಟ್ಟುವ ಮಾತು.

ಗುಡ್ಡಕ್ಕೆ ಇರದಿದ್ದ ಲೆಕ್ಕ

ಕರ್ನಾಟಕ 2024–25ರಲ್ಲಿ 1,331 ಮೆಗಾವ್ಯಾಟ್ ಹೊಸ ಗಾಳಿ ವಿದ್ಯುತ್ ಸೇರಿಸಿ ದೇಶದಲ್ಲೇ ಮೊದಲ ಸ್ಥಾನ ಪಡೆಯಿತು. ಮಧ್ಯ ಕರ್ನಾಟಕದ ಗುಡ್ಡಗಳಿಗೆ ಯಂತ್ರ ಬಂದ ಆರಂಭದ ವರ್ಷಗಳಲ್ಲಿ ಕೇಳಿದ್ದು ಗಾಳಿಯ ವೇಗ ಎಷ್ಟು, ಜಾಗ ಯಾರದ್ದು ಎಂಬ ಎರಡೇ ಪ್ರಶ್ನೆ. ಕುರುಚಲು ಕಾಡು, ಬಾದೆಹುಲ್ಲಿನ ಬಯಲು ಸರ್ಕಾರಿ ಕಾಗದದಲ್ಲಿ ಬಂಜರು, ಖರಾಬು. ಕ್ರೇನ್ ಹತ್ತಲು ನೆತ್ತಿಯವರೆಗೆ ಅಗಲವಾದ ರಸ್ತೆ ಕಡಿಯಬೇಕು. ಕಡಿದ ಮಗ್ಗುಲಿನ ಸಡಿಲ ಮಣ್ಣು ಮಳೆಗೆ ಕೊರಕಲಾಗಿ ಕೆಳಗಿನ ಹಳ್ಳಕ್ಕೆ ಇಳಿಯುತ್ತದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಬೇರೆ ಉದ್ದೇಶಗಳಿಗೆ ಹೋದಾಗಲೂ ಇದೇ ಆಯಿತು. ಹುಲ್ಲುಗಾವಲನ್ನು ಖಾಲಿ ಜಾಗವೆಂದು ಓದಲಾಯಿತು. ಅಲ್ಲಿ ದನ ಮೇಯಿಸುತ್ತಿದ್ದವರು, ಅಲ್ಲಿದ್ದ ಕೃಷ್ಣಮೃಗ ಎಲ್ಲವೂ ಆಮೇಲೆ ನೆನಪಾದವು.

ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. ಯಂತ್ರಗಳಿದ್ದ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆಯಾಗಿದ್ದವು. ಹಿಡಿದು ತಿನ್ನುವವರಿಲ್ಲದ್ದರಿಂದ ಓತಿಗಳು ಹೆಚ್ಚಿದ್ದವು, ಅವುಗಳ ನಡವಳಿಕೆಯೂ ಬದಲಾಗಿತ್ತು. ಕರ್ನಾಟಕದಲ್ಲೇ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಯಂತ್ರವೊಂದಕ್ಕೆ ವರ್ಷಕ್ಕೆ ಸರಾಸರಿ 0.26 ಪ್ರಾಣಿಗಳ ಸಾವನ್ನು ಎಣಿಸಿತು. ನಾಲ್ಕು ಯಂತ್ರಕ್ಕೆ ವರ್ಷಕ್ಕೊಂದು ಹಕ್ಕಿಯೋ ಬಾವಲಿಯೋ ಎಂದರೆ ಸಣ್ಣ ಸಂಖ್ಯೆ. ಆದರೆ ಯಂತ್ರಗಳಿಲ್ಲದ ಜಾಗಗಳಿಗೆ ಹೋಲಿಸಿದರೆ ಅಲ್ಲಿ ಹಕ್ಕಿಗಳ ಬಗೆಯೂ ಸಂಖ್ಯೆಯೂ ಕಡಿಮೆಯಿತ್ತು. ಎರಡೂ ಅಧ್ಯಯನಗಳು ಯಂತ್ರವಿರುವ ಜಾಗವನ್ನು ಇಲ್ಲದ ಜಾಗದ ಜೊತೆ ಹೋಲಿಸಿದವು. ಯಂತ್ರ ಬರುವ ಮೊದಲು ಅದೇ ಗುಡ್ಡದಲ್ಲಿ ಎಷ್ಟಿದ್ದವು ಎಂಬ ಅಂಕಿ ಇದ್ದಿದ್ದರೆ ಉತ್ತರ ಇನ್ನೂ ಖಚಿತವಾಗುತ್ತಿತ್ತು.

ಈ ಮಾತು ದಾವಣಗೆರೆಯ ಮೆಕ್ಕೆಜೋಳದ ರೈತರಿಗೂ ಚಳ್ಳಕೆರೆಯ ಶೇಂಗಾ ರೈತರಿಗೂ ಬಿಡಿಸಿ ಹೇಳಬೇಕಿಲ್ಲ. ಬೆಳೆ ಸಮೀಕ್ಷೆಯಲ್ಲಿ ಹೊಲದ ಬೆಳೆ ಸರಿಯಾಗಿ ನಮೂದಾಗದೆ, ಮೆಕ್ಕೆಜೋಳವಿದ್ದ ಕಡೆ ಪಹಣಿಯಲ್ಲಿ ಇನ್ನೇನೋ ಕೂತಿದ್ದರೆ, ಮಳೆ ಕೈಕೊಟ್ಟ ವರ್ಷ ವಿಮೆಯ ಹಣಕ್ಕೆ ಅಲೆದಾಟವೇ ಗತಿ. ಬೆಳೆ ಒಣಗಿದ್ದು ಕಣ್ಣಿಗೆ ಕಂಡರೂ ಕಾಗದದಲ್ಲಿ ಇಲ್ಲದ ಬೆಳೆಗೆ ಪರಿಹಾರವಿಲ್ಲ. ಕಡಲಹಸು, ಆಮೆ, ಡಾಲ್ಫಿನ್, ಮೀನಿನ ಮರಿಗಳ ವಿಷಯದಲ್ಲಿ ನಾವು ಈಗ ಬಿತ್ತನೆಯ ಹಂತದಲ್ಲಿದ್ದೇವೆ. ನಮೂದು ಮಾಡುವ ಕಾಲ ಇದು.

ಕಾನೂನಿನಲ್ಲಿರುವ ಸಂದು

ಯೋಜನೆಗಳಿಗೆ ಪರಿಸರ ಅನುಮತಿ ಕಡ್ಡಾಯ ಮಾಡುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಹೊಗೆ ಉಗುಳದ ಉದ್ಯಮಕ್ಕೆ ಅಷ್ಟು ರಿಯಾಯಿತಿ ಇರಲಿ ಎಂಬುದು ಅದರ ಹಿಂದಿನ ಎಣಿಕೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಕಡಲಿನೊಳಗೆ 12 ನಾಟಿಕಲ್ ಮೈಲಿಯವರೆಗೆ, ಅಂದರೆ ಸುಮಾರು 22 ಕಿ.ಮೀ.ವರೆಗೆ ಅನ್ವಯಿಸುತ್ತದೆ. ಮೀನುಗಾರಿಕೆಯ ಮೇಲೆ ರಾಜ್ಯದ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಅದರಾಚೆ ನಿಲ್ಲುವ ಯಂತ್ರಗಳಿಗೆ ಈ ಎರಡು ಹಳೆಯ ಬಾಗಿಲುಗಳೂ ಅಡ್ಡ ಬರುವುದಿಲ್ಲ. ಕಡಲ ಗಾಳಿ ನೀತಿಯಲ್ಲಿ ಪರಿಸರ ಅಧ್ಯಯನದ ಮಾತೇನೋ ಇದೆ. ಅದಕ್ಕೆ ಜರ್ಮನಿಯ 160 ಡೆಸಿಬೆಲ್‌ನಂಥ ಅಳೆಯಬಹುದಾದ ಮಿತಿ ಸೇರದಿದ್ದರೆ ಅಧ್ಯಯನ ಕಡತದಲ್ಲಿ ಉಳಿದು, ಯಂತ್ರ ಯಥಾಪ್ರಕಾರ ಏಳುತ್ತದೆ.

ಜಾಗದ ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಉದಾಹರಣೆ ಸಾಕು. ಅಳಿವಿನಂಚಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ನೆಲೆಯಲ್ಲಿ ವಿದ್ಯುತ್ ತಂತಿಗಳನ್ನು ನೆಲದೊಳಗೆ ಹೂಳಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತು. ರಾಜಸ್ಥಾನ, ಗುಜರಾತುಗಳ ಸುಮಾರು 99,000 ಚದರ ಕಿ.ಮೀ.ಗೆ ಅದು ಅನ್ವಯಿಸುತ್ತಿತ್ತು. 2024ರಲ್ಲಿ ಕೋರ್ಟೇ ಅದನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ನಡುವಿನ ಮೂರು ವರ್ಷ ಹಕ್ಕಿಯೂ ಸುರಕ್ಷಿತವಾಗಲಿಲ್ಲ, ಹೂಡಿಕೆದಾರರೂ ನೆಮ್ಮದಿಯಿಂದ ಇರಲಿಲ್ಲ. ನೆಲದ ಮೇಲಿನ ತಂತಿಯನ್ನು ಕಷ್ಟಪಟ್ಟಾದರೂ ಸರಿಸಬಹುದು, ಕಡಲ ತಳಕ್ಕೆ ಬಡಿದ ಹತ್ತು ಮೀಟರ್ ಅಗಲದ ಕೊಳವೆಯನ್ನು ಸರಿಸಲಾಗದು.

ಮುಂದಿನ ಟೆಂಡರಿನಲ್ಲಿ

ಕಡಿಮೆ ಬೆಲೆ ಕೂಗಿದವರಿಗೇ ಗುತ್ತಿಗೆ ಎಂಬ ಪದ್ಧತಿ ಮುಂದುವರಿದರೆ ಮೊದಲು ಕತ್ತರಿ ಬೀಳುವುದು ಗುಳ್ಳೆಪರದೆಗೆ, ಹಕ್ಕಿ ಗುರುತಿಸುವ ರಾಡಾರಿಗೆ. ನೆದರ್ಲೆಂಡ್ಸ್ ಇದನ್ನು ಬೇರೆ ರೀತಿ ಮಾಡಿತು. 2022ರಲ್ಲಿ ಒಂದು ಕಡಲ ವಲಯವನ್ನು ಹಂಚುವಾಗ, ನಿಸರ್ಗಕ್ಕೆ ಯಾರು ಹೆಚ್ಚು ಮಾಡುತ್ತಾರೆ ಎಂಬುದಕ್ಕೆ ಅಂಕ ಕೊಟ್ಟು, ಆ ಅಂಕದ ಮೇಲೆ ಗೆದ್ದವರನ್ನು ನಿರ್ಧರಿಸಿತು. ಬ್ರಿಟನ್‌ನಲ್ಲಿ ಹಾರ್ನ್‌ಸೀ 3 ಯೋಜನೆಗೆ ಒಪ್ಪಿಗೆ ಸಿಕ್ಕದ್ದು, ಕಿಟ್ಟಿವೇಕ್ ಎಂಬ ಕಡಲ ಹಕ್ಕಿಗೆ ಕೃತಕ ಗೂಡುಗಳ ಗೋಪುರ ಕಟ್ಟಿಕೊಡಬೇಕೆಂಬ ಷರತ್ತಿನ ಮೇಲೆ. ಗೋಪುರ ಕಟ್ಟಿದ್ದಾರೆ, ಹಕ್ಕಿಯ ಸಂಖ್ಯೆ ಅದರಿಂದ ಎಷ್ಟು ಉಳಿಯುತ್ತದೆ ಎಂಬುದನ್ನು ಕಾದು ನೋಡಬೇಕು. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷ ವಿಮಾನದಿಂದ ಹಕ್ಕಿ ಎಣಿಸಿದ ಮೇಲೆಯೇ ಅರ್ಜಿ ಹಾಕುತ್ತಾರೆ. ಕಂಪನಿಗಳು ಸಂಗ್ರಹಿಸಿದ ಅಂಕಿಅಂಶವೂ ಸಾರ್ವಜನಿಕ ಭಂಡಾರ ಸೇರುತ್ತದೆ. ಒಬ್ಬರ ಎಣಿಕೆ ಮುಂದಿನವರಿಗೆ ಒದಗುತ್ತದೆ, ಮೀನುಗಾರರ ಸಂಘವೂ ಅದನ್ನು ತೆರೆದು ನೋಡಬಹುದು.

ನಮ್ಮ 2023ರ ಗುತ್ತಿಗೆ ನಿಯಮಗಳಲ್ಲೂ ಇದಕ್ಕೆ ಜಾಗವಿದೆ. ಗಾಳಿ ಅಳೆಯಲು, ಕಡಲ ತಳ ಪರೀಕ್ಷಿಸಲು ಮೊದಲು ಮೂರು ವರ್ಷ ಕೊಡುತ್ತಾರೆ. 35 ವರ್ಷದ ಗುತ್ತಿಗೆ ಆಮೇಲೆ. ಮೂರು ವರ್ಷವೆಂದರೆ ಮೂರು ಮುಂಗಾರು, ಮೂರು ಆಮೆ ಹಂಗಾಮು. ತಳ ಪರೀಕ್ಷಿಸಲು ಹೋಗುವ ದೋಣಿಯಲ್ಲೇ ಆಮೆ ಎಣಿಸುವವರೂ ಕೂರಬಹುದು. ತಲೆಮಾರುಗಳಿಂದ ಆ ನೀರನ್ನು ಬಲ್ಲ ಮೀನುಗಾರರನ್ನೇ ಕೂಲಿಗೆ ಕರೆದರೆ ಎಣಿಕೆಯೂ ಚೆನ್ನಾಗಿ ಆಗುತ್ತದೆ, ಅಪನಂಬಿಕೆಯೂ ಸ್ವಲ್ಪ ಕರಗುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 2017ರಲ್ಲಿ ಗಾಳಿ ಅಳೆಯುವ ಲೈಡಾರ್ ಉಪಕರಣವನ್ನು ಕಡಲೊಳಗಿನ ವೇದಿಕೆಯ ಮೇಲೆ ನಿಲ್ಲಿಸಲಾಯಿತು. ಮುಂದೆ ಇಳಿಸುವ ಇಂಥ ಪ್ರತಿ ವೇದಿಕೆಯ ಬುಡಕ್ಕೂ ನೀರಿನೊಳಗಿನ ಸದ್ದು ಹಿಡಿಯುವ ಒಂದು ಹೈಡ್ರೋಫೋನ್ ಕಟ್ಟಿದರೆ, ಮೇಲೆ ಗಾಳಿಯ ಅಂಕಿ ಬರೆಯುತ್ತಿರುವಾಗಲೇ ಕೆಳಗೆ ಡಾಲ್ಫಿನ್ ಯಾವ ತಿಂಗಳಿನಲ್ಲಿ ಎಷ್ಟು ಸಲ ಹಾದುಹೋಯಿತು ಎಂಬುದೂ ದಾಖಲಾಗುತ್ತದೆ. ಸಾವಿರಾರು ಕೋಟಿಯ ಯೋಜನೆಯಲ್ಲಿ ಆ ಉಪಕರಣದ ಖರ್ಚು ಲೆಕ್ಕಕ್ಕೇ ಬರುವಂಥದ್ದಲ್ಲ.